ನಗೆ ಅನಿಲ ಮತ್ತು ಬಿಳಿ ರಕ್ತಕಣ: ತಡವಾಗಿ ಬರುವ ಸಾಕ್ಷಿ

1956ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಡೆನ್ಮಾರ್ಕಿನ ಎಚ್.ಸಿ.ಎ. ಲಾಸೆನ್ ಮತ್ತು ಅವರ ಸಹೋದ್ಯೋಗಿಗಳ ಪ್ರಬಂಧವೊಂದು ಪ್ರಕಟವಾಯಿತು. ತೀವ್ರ ಧನುರ್ವಾಯು ತಗುಲಿದ ರೋಗಿಗಳನ್ನು ಮಂಪರಿನಲ್ಲಿಡಲು ದಿನಗಟ್ಟಲೆ ನಗೆ ಅನಿಲವನ್ನು, ಅಂದರೆ ನೈಟ್ರಸ್ ಆಕ್ಸೈಡನ್ನು, ಕೊಡಲಾಗಿತ್ತು. ಕೆಲವು ದಿನ ಕಳೆಯುವಷ್ಟರಲ್ಲಿ ಅವರ ರಕ್ತದಲ್ಲಿ ಬಿಳಿಕಣಗಳು ಕುಸಿದವು, ಪ್ಲೇಟ್‌ಲೆಟ್‌ಗಳೂ ಇಳಿದವು. ಕಾರಣ ಹುಡುಕುತ್ತ ಹೋದ ವೈದ್ಯರ ಬೆರಳು ಕೊನೆಗೆ ನಿಂತದ್ದು ಅನಿಲದ ಮೇಲೆ. ನೂರು ವರ್ಷಕ್ಕೂ ಹೆಚ್ಚು ಕಾಲ ಯಾರೂ ಅನುಮಾನಿಸದ ಅನಿಲ ಅದು.

ಈ ಪ್ರಬಂಧ, ಅದರ ಬೆನ್ನಿಗೆ ಬಂದ ಲ್ಯುಕೇಮಿಯಾ ಪ್ರಯೋಗಗಳು, 1978ರ ಲಂಡನ್ ಅಧ್ಯಯನ, ಈ ಶತಮಾನದ ದೊಡ್ಡ ಪರೀಕ್ಷೆಗಳು, ಇವನ್ನೆಲ್ಲ ಒಟ್ಟಿಗಿಟ್ಟು ಓದಿದಾಗ ನನಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಬಿಳಿಕಣಗಳ ಎಣಿಕೆ ನಿಜವನ್ನೇ ಹೇಳುತ್ತದೆ, ಆದರೆ ತಡವಾಗಿ ಹೇಳುತ್ತದೆ. ಆ ತಡದ ಅವಧಿಯನ್ನೇ ವೈದ್ಯಲೋಕ ಬಹುಕಾಲ ಸುರಕ್ಷತೆ ಎಂದು ತಿಳಿದುಕೊಂಡಿತು. ನೈಟ್ರಸ್ ಆಕ್ಸೈಡ್ ಬಳಸುವ ಪದ್ಧತಿಯನ್ನು ತೂಗುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಈ ಅನಿಲವನ್ನು ತಯಾರಿಸಿದರು. ಹಂಫ್ರಿ ಡೇವಿ ಅದನ್ನು ತಾನೇ ಸೇದಿ ನೋಡಿ 1800ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದರು. ನೋವು ಕಡಿಮೆ ಮಾಡುವ ಅದರ ಗುಣವನ್ನು ಅಲ್ಲಿ ಸೂಚಿಸಿದ್ದರು. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡಿನ ದಂತವೈದ್ಯ ಹೊರೇಸ್ ವೆಲ್ಸ್ ಇದೇ ಅನಿಲದ ಮತ್ತಿನಲ್ಲಿ ತನ್ನ ಹಲ್ಲನ್ನು ಕೀಳಿಸಿಕೊಂಡರು. ಅಲ್ಲಿಂದ 1956ರವರೆಗೆ 112 ವರ್ಷ. ಇಷ್ಟು ಕಾಲ ರಕ್ತಕಣಗಳನ್ನು ತಯಾರಿಸುವ ಮೂಳೆಮಜ್ಜೆಯ ಮೇಲಿನ ಪೆಟ್ಟು ಯಾರ ಕಣ್ಣಿಗೂ ಬೀಳದಿರಲು ಕಾರಣ ಸರಳವಾಗಿದೆ. ಹಲ್ಲು ಕೀಳಲು ಕೆಲವು ನಿಮಿಷ ಸಾಕು, ಶಸ್ತ್ರಚಿಕಿತ್ಸೆಗೆ ಕೆಲವು ಗಂಟೆ. ಮನುಷ್ಯನೊಬ್ಬ ದಿನಗಟ್ಟಲೆ ಈ ಅನಿಲವನ್ನು ಉಸಿರಾಡುವ ಸಂದರ್ಭವೇ ಅದುವರೆಗೆ ಇರಲಿಲ್ಲ.

ಆ ಸಂದರ್ಭವನ್ನು ತಂದದ್ದು ಕೋಪನ್‌ಹೇಗನ್ನಿನ ಪೋಲಿಯೊ ಪಿಡುಗು. 1952ರಲ್ಲಿ ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಸ್ನಾಯುಗಳೇ ನಿಂತುಹೋದ ರೋಗಿಗಳು ಸಾಲುಗಟ್ಟಿದರು. ಲಾಸೆನ್ ಆ ಆಸ್ಪತ್ರೆಯ ಮುಖ್ಯ ವೈದ್ಯರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ಗಂಟಲಿನಲ್ಲಿ ರಂಧ್ರ ಮಾಡಿ, ನಳಿಕೆ ಇಟ್ಟು, ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಕೈಯಲ್ಲಿ ಚೀಲ ಒತ್ತುತ್ತ ರೋಗಿಗಳಿಗೆ ಉಸಿರು ಕೊಟ್ಟರು. ಇಂದಿನ ಐಸಿಯು ಹುಟ್ಟಿದ ಗಳಿಗೆ ಅದು. ಉಸಿರನ್ನು ವಾರಗಟ್ಟಲೆ ಹೊರಗಿನಿಂದ ನಡೆಸಬಹುದು ಎಂದಾದ ಮೇಲೆ ಅದೇ ಉಪಾಯ ಧನುರ್ವಾಯುವಿಗೂ ಬಂತು: ಕ್ಯುರಾರೆ ಕೊಟ್ಟು ಸ್ನಾಯುಗಳನ್ನು ಸಡಿಲಗೊಳಿಸುವುದು, ಉಸಿರನ್ನು ಹೊರಗಿನಿಂದ ನಡೆಸುವುದು, ರೋಗಿಗೆ ಯಾತನೆಯ ಅರಿವಾಗದಂತೆ ಆಮ್ಲಜನಕದ ಜೊತೆ ನೈಟ್ರಸ್ ಆಕ್ಸೈಡ್ ಬೆರೆಸಿ ಕೊಡುವುದು. ಕರುಣೆಯಿಂದ ಆರಿಸಿಕೊಂಡ ಅನಿಲ ಅದು. ಅದರ ಹಾನಿ ಬೆಳಕಿಗೆ ಬಂದದ್ದೂ ಆ ಕರುಣೆಯ ದೆಸೆಯಿಂದಲೇ.

ಸಾಕ್ಷ್ಯವಾಗಿ ಲಾಸೆನ್ ಪ್ರಬಂಧದ ಬೆಲೆ ಎಷ್ಟು? ಇಂದಿನ ಮಾನದಂಡದಲ್ಲಿ ಅದರ ದೌರ್ಬಲ್ಯಗಳು ಎದ್ದು ಕಾಣುತ್ತವೆ. ಹೋಲಿಕೆಗೆ ಅನಿಲ ಕೊಡದ ಇನ್ನೊಂದು ಗುಂಪನ್ನು ಮೊದಲೇ ಯೋಜಿಸಿರಲಿಲ್ಲ. ರೋಗಿಗಳಿಗೆ ಧನುರ್ವಾಯು ಇತ್ತು, ಅಂಥವರಿಗೆ ಸೋಂಕು ತಗುಲುವುದು ಸಾಮಾನ್ಯ, ಬೇರೆ ಔಷಧಿಗಳೂ ದೇಹಕ್ಕೆ ಹೋಗುತ್ತಿದ್ದವು. ಇವುಗಳಲ್ಲಿ ಯಾವುದು ಬೇಕಾದರೂ ಬಿಳಿಕಣಗಳನ್ನು ಇಳಿಸಬಲ್ಲುದು. ಆದರೂ ಆ ಬರಹ ನಿಂತಿರುವುದು ಕಾಲಕ್ರಮದ ಬಲದ ಮೇಲೆ. ಅನಿಲ ಮುಂದುವರಿದಂತೆ ಎಣಿಕೆ ಇಳಿಯಿತು, ಅನಿಲ ನಿಂತ ಮೇಲೆ ಬದುಕುಳಿದವರಲ್ಲಿ ಎಣಿಕೆ ಏರಿತು. ಹಾಸಿಗೆಯ ಪಕ್ಕ ನಿಂತು ದಿನವೂ ರಕ್ತ ನೋಡಿದ ವೈದ್ಯರಿಗೆ ಮಾತ್ರ ದಕ್ಕುವ ಸಾಕ್ಷ್ಯ ಇದು. ತಾವೇ ಆರಿಸಿದ ಚಿಕಿತ್ಸೆ ರೋಗಿಗೆ ಕೇಡು ಮಾಡಿತು ಎಂದು ಎಲ್ಲರೂ ಓದುವ ಪತ್ರಿಕೆಯಲ್ಲಿ ಬರೆಯುವುದಕ್ಕೆ ಬೇಕಾದ ಪ್ರಾಮಾಣಿಕತೆಯನ್ನು ನಾನು ಗೌರವದಿಂದ ನೆನೆಯುತ್ತೇನೆ.

ಮುಂದಿನ ಹೆಜ್ಜೆಯನ್ನು ಅಷ್ಟು ಸುಲಭವಾಗಿ ಮೆಚ್ಚಲಾಗದು. ಬಿಳಿಕಣಗಳನ್ನು ಇಳಿಸುವ ಅನಿಲವನ್ನು ಬಿಳಿಕಣಗಳು ಮಿತಿಮೀರಿ ಬೆಳೆಯುವ ರೋಗಕ್ಕೇ ಏಕೆ ಬಳಸಬಾರದು ಎಂಬ ಯೋಚನೆ ಹುಟ್ಟಿತು. 1959ರಲ್ಲಿ ಲಾಸೆನ್ ಮತ್ತು ಕ್ರಿಸ್ಟೆನ್ಸೆನ್, ದೀರ್ಘಕಾಲ ನೈಟ್ರಸ್ ಆಕ್ಸೈಡ್ ಸೇವನೆಯಿಂದ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ತಗ್ಗಿದ್ದನ್ನು ವರದಿ ಮಾಡಿದರು. 1963ರಲ್ಲಿ ಈಸ್ಟ್‌ವುಡ್, ಗ್ರೀನ್, ಲ್ಯಾಂಬ್ಡಿನ್ ಮತ್ತು ಗಾರ್ಡ್‌ನರ್ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಲ್ಯುಕೇಮಿಯಾ ರೋಗಿಗಳ ಬಿಳಿಕಣಗಳ ಮೇಲೆ ಈ ಅನಿಲದ ಪರಿಣಾಮವನ್ನು ಬರೆದರು. ಎಣಿಕೆ ಇಳಿಯಿತು, ನಿಜ. ಅನಿಲ ನಿಲ್ಲಿಸಿದೊಡನೆ ಮತ್ತೆ ಏರಿತು.

ಇಲ್ಲಿ ಕೇಳಬೇಕಾದ ಪ್ರಶ್ನೆ, ಎಣಿಕೆ ಇಳಿದ ಮಾತ್ರಕ್ಕೆ ರೋಗ ಇಳಿಯಿತೇ ಎಂಬುದು. ಲ್ಯುಕೇಮಿಯಾದ ಮೂಲ ಇರುವುದು ಮಜ್ಜೆಯಲ್ಲಿ. ರಕ್ತನಾಳದಲ್ಲಿ ತೇಲುವ ಕಣಗಳು ಆ ಮೂಲದಿಂದ ಹೊರಬಿದ್ದವು ಮಾತ್ರ. ಹೊರಹರಿವನ್ನು ಕೆಲವು ದಿನ ತಡೆದರೆ ರೋಗಿಯ ಆಯಸ್ಸು ಹೆಚ್ಚಿತೆಂದು ಹೇಳಲಾಗದು. ಅಷ್ಟೇ ಅಲ್ಲ, ಕ್ಯಾನ್ಸರ್ ಕಣಗಳನ್ನು ತಡೆಯುವ ಮಟ್ಟಕ್ಕೆ ಅನಿಲ ಕೊಡಬೇಕಾದರೆ ರೋಗಿ ಹಗಲಿರುಳು ಮಂಪರಿನಲ್ಲಿರಬೇಕು, ಆರೋಗ್ಯಕರ ಮಜ್ಜೆಯೂ ಅದೇ ಪೆಟ್ಟು ತಿನ್ನಬೇಕು. ಚಿಕಿತ್ಸೆಯಾಗಿ ಈ ದಾರಿ ಮುಂದುವರಿಯದೆ ಹೋದದ್ದು ನ್ಯಾಯವೇ.

ಆದರೂ ಆ ಪ್ರಯೋಗಗಳನ್ನು ಅರ್ಥವಿಲ್ಲದವು ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಲ್ಯುಕೇಮಿಯಾ ಚಿಕಿತ್ಸೆಯ ಆರಂಭದ ಔಷಧಿಗಳಲ್ಲಿ ಒಂದಾದ ಅಮಿನೊಪ್ಟೆರಿನ್ ಫೋಲಿಕ್ ಆಮ್ಲದ (ಫೋಲೇಟಿನ) ಎದುರಾಳಿ. ಲೆಡರ್ಲೆ ಪ್ರಯೋಗಾಲಯದಲ್ಲಿ ಭೀಮಾವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅದನ್ನು ರೂಪಿಸಿತು, 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದರಿಂದ ಮಕ್ಕಳ ಲ್ಯುಕೇಮಿಯಾ ತಾತ್ಕಾಲಿಕವಾಗಿ ತಗ್ಗಿದ್ದನ್ನು ಪ್ರಕಟಿಸಿದರು. ನೈಟ್ರಸ್ ಆಕ್ಸೈಡ್ ಕೂಡ ಫೋಲೇಟಿನ ಇದೇ ದಾರಿಯಲ್ಲಿ ಅಡ್ಡ ನಿಲ್ಲುತ್ತದೆ ಎಂಬುದು 1959ರಲ್ಲಿ ಯಾರಿಗೂ ತಿಳಿದಿರಲಿಲ್ಲ. ಎಣಿಕೆಯ ಇಳಿತ ಕಣ್ಣಿಗೆ ಕಂಡಿತ್ತು, ಅದರ ಹಿಂದಿನ ರಸಾಯನಶಾಸ್ತ್ರ ಕತ್ತಲಲ್ಲಿತ್ತು.

ಆ ಕತ್ತಲಿಗೆ ಬೆಳಕು ಬಂದದ್ದು ಆಸ್ಪತ್ರೆಯ ಹೊರಗಿನಿಂದ. 1968ರಲ್ಲಿ ಬ್ಯಾಂಕ್ಸ್, ಹೆಂಡರ್ಸನ್ ಮತ್ತು ಪ್ರ್ಯಾಟ್ ಎಂಬ ರಸಾಯನ ವಿಜ್ಞಾನಿಗಳು ಲೋಹದ ಸಂಯುಕ್ತಗಳ ಜೊತೆ ನೈಟ್ರಸ್ ಆಕ್ಸೈಡ್ ಹೇಗೆ ವರ್ತಿಸುತ್ತದೆ ಎಂದು ನೋಡುತ್ತಿದ್ದರು. ಬಿ12 ಜೀವಸತ್ವದ ನಡುವೆ ಒಂದು ಕೋಬಾಲ್ಟ್ ಪರಮಾಣು ಇದೆ. ಅದು ಅತ್ಯಂತ ಕ್ರಿಯಾಶೀಲ ಸ್ಥಿತಿಯಲ್ಲಿರುವಾಗ ಈ ಅನಿಲ ಅದನ್ನು ಆಕ್ಸಿಡೀಕರಿಸಿಬಿಡುತ್ತದೆ ಎಂಬುದು ಅವರಿಗೆ ಕಂಡಿತು. ಅರಿವಳಿಕೆ ತಜ್ಞರು ಓದುವ ಪತ್ರಿಕೆಯಲ್ಲಿ ಅದು ಬಂದಿರಲಿಲ್ಲ. ಆಸ್ಪತ್ರೆಯ ಅನುಭವವೂ ಪ್ರಯೋಗಾಲಯದ ತಿಳಿವೂ ಒಂದನ್ನೊಂದು ಕೂಡಲು ಮತ್ತೆ ಹತ್ತು ವರ್ಷ ಹಿಡಿಯಿತು. ಜ್ಞಾನ ಹೀಗೆ ಬೇರೆ ಬೇರೆ ಕೋಣೆಗಳಲ್ಲಿ ಬೀಗ ಹಾಕಿಕೊಂಡು ಕೂರುವುದರ ಬೆಲೆಯನ್ನು ರೋಗಿಗಳು ತೆರುತ್ತಾರೆ, ಇದು ನನ್ನನ್ನು ಕಾಡುವ ಸಂಗತಿ.

ನಡೆಯುವುದು ಇಷ್ಟು. ನಮ್ಮ ಜೀವಕೋಶಗಳಲ್ಲಿ ಮೆಥಿಯೊನೀನ್ ಸಿಂಥೇಸ್ ಎಂಬ ಕಿಣ್ವವಿದೆ. ಅದು ಕೆಲಸ ಮಾಡಲು ಬಿ12 ಬೇಕೇ ಬೇಕು. ಕೋಬಾಲ್ಟ್ ಆಕ್ಸಿಡೀಕರಣಗೊಂಡರೆ ಕಿಣ್ವವೇ ಕೆಡುತ್ತದೆ. ಕೆಟ್ಟದ್ದು ಮತ್ತೆ ಸರಿಯಾಗುವುದಿಲ್ಲ, ದೇಹ ಹೊಸ ಕಿಣ್ವವನ್ನೇ ತಯಾರಿಸಬೇಕು. ಕಿಣ್ವ ನಿಂತಾಗ ಫೋಲೇಟ್ ಬಳಕೆಗೆ ಬಾರದ ರೂಪದಲ್ಲೇ ಸಿಕ್ಕಿಬೀಳುತ್ತದೆ. ಫೋಲೇಟ್ ಸಿಗದೆ ಥೈಮಿಡಿನ್ ತಯಾರಾಗದು, ಥೈಮಿಡಿನ್ ಇಲ್ಲದೆ ಡಿಎನ್‌ಎ ಕಟ್ಟಲಾಗದು. ದಿನವೂ ಕೋಟಿಗಟ್ಟಲೆ ಕೋಶಗಳನ್ನು ಹೆರುವ ಮೂಳೆಮಜ್ಜೆಗೆ ಮೊದಲ ಏಟು ಬೀಳುವುದು ಇದರಿಂದ. ಕೋಶಗಳು ಗಾತ್ರದಲ್ಲಿ ಬೆಳೆಯುತ್ತವೆ, ಒಡೆದು ಎರಡಾಗಲಾರವು. ಬಿ12 ಕೊರತೆಯ ರಕ್ತಹೀನತೆಯಲ್ಲಿ ಸೂಕ್ಷ್ಮದರ್ಶಕದಡಿ ಕಾಣುವ ಮೆಗಾಲೊಬ್ಲಾಸ್ಟಿಕ್ ಮಜ್ಜೆಯ ಚಿತ್ರ ಇದೇ. ವ್ಯತ್ಯಾಸ ವೇಗದಲ್ಲಿದೆ: ಆಹಾರದ ಕೊರತೆಯಿಂದ ವರ್ಷಗಳಲ್ಲಿ ಆಗುವುದನ್ನು ಈ ಅನಿಲ ಗಂಟೆಗಳಲ್ಲಿ ಮಾಡುತ್ತದೆ. ಶೇ 70ರಷ್ಟು ನೈಟ್ರಸ್ ಆಕ್ಸೈಡ್ ಉಸಿರಾಡುವ ಮನುಷ್ಯನ ಯಕೃತ್ತಿನಲ್ಲಿ ಈ ಕಿಣ್ವದ ಅರ್ಧ ಶಕ್ತಿ ಸುಮಾರು 46 ನಿಮಿಷದಲ್ಲಿ ಹೋಗುತ್ತದೆ ಎಂದು 1988ರ ಅಧ್ಯಯನವೊಂದು ತೋರಿಸಿತು. ಇಲಿಗಳಲ್ಲಿ ಅದಕ್ಕೆ ಐದಾರು ನಿಮಿಷ ಸಾಕು.

1978ರಲ್ಲಿ ಲಂಡನ್ನಿನ ಅಮೆಸ್ ಮತ್ತು ಸಂಗಡಿಗರು ಮಾಡಿದ ಅಧ್ಯಯನವನ್ನು ನಾನು ಈ ಇಡೀ ಸರಣಿಯ ಶ್ರೇಷ್ಠ ಕೃತಿ ಎಂದು ಪರಿಗಣಿಸುತ್ತೇನೆ. ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಅವರು ಎಣಿಕೆಗಾಗಿ ಕಾಯಲಿಲ್ಲ, ನೇರವಾಗಿ ಮಜ್ಜೆಯನ್ನೇ ನೋಡಿದರು. ಶಸ್ತ್ರಚಿಕಿತ್ಸೆಯ ನಂತರವೂ ಸೇರಿ 24 ಗಂಟೆ ಅನಿಲ ಪಡೆದವರ ಮಜ್ಜೆ ಮೆಗಾಲೊಬ್ಲಾಸ್ಟಿಕ್ ಆಗಿತ್ತು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಮಾತ್ರ ಪಡೆದವರಲ್ಲಿ ಬದಲಾವಣೆ ಕಡಿಮೆ. ಅನಿಲವನ್ನೇ ಪಡೆಯದವರ ಮಜ್ಜೆ ಸಹಜವಾಗಿತ್ತು. ಲಾಸೆನ್ ಪ್ರಬಂಧದಲ್ಲಿ ಕೊರತೆಯಾಗಿದ್ದ ಹೋಲಿಕೆ ಇಲ್ಲಿ ದೊರೆಯಿತು. ಪ್ರಶ್ನೆಯೂ ಸರಿಯಾದ ಜಾಗಕ್ಕೆ ಬಂದು ನಿಂತಿತು: ರಕ್ತದಲ್ಲಿ ಎಷ್ಟು ಕಣಗಳಿವೆ ಎಂಬುದನ್ನು ಬಿಟ್ಟು, ಅವುಗಳನ್ನು ತಯಾರಿಸುವ ಶಕ್ತಿ ಉಳಿದಿದೆಯೇ ಎಂದು ಅವರು ಕೇಳಿದರು.

ಎಣಿಕೆಗೆ ಬರುವ ತಡ ಎಲ್ಲಿಂದ? ಬಿಳಿಕಣಗಳಲ್ಲಿ ಹೆಚ್ಚಿನ ಪಾಲಿನ ನ್ಯೂಟ್ರೋಫಿಲ್‌ಗಳು ರಕ್ತದಲ್ಲಿ ಇರುವುದು ಕೆಲವೇ ಗಂಟೆ. ಹಾಗಾದರೆ ಉತ್ಪಾದನೆ ನಿಂತ ದಿನವೇ ಎಣಿಕೆ ಬೀಳಬೇಕಿತ್ತು. ಹಾಗಾಗದಿರಲು ಕಾರಣ, ಪಕ್ವಗೊಂಡ ಕಣಗಳ ದೊಡ್ಡ ದಾಸ್ತಾನು ಮಜ್ಜೆಯಲ್ಲೇ ಇರುತ್ತದೆ. ಗದ್ದೆಯಲ್ಲಿ ಬೆಳೆ ಒಣಗಿದರೂ ಕಣಜದಲ್ಲಿ ಭತ್ತ ಇರುವಷ್ಟು ದಿನ ಮನೆಯಲ್ಲಿ ಅನ್ನಕ್ಕೆ ಕೊರತೆ ಕಾಣದಂತೆ, ಆ ದಾಸ್ತಾನು ಮೂರ್ನಾಲ್ಕು ದಿನ ಎಣಿಕೆಯನ್ನು ಹಿಡಿದು ನಿಲ್ಲಿಸುತ್ತದೆ. ಅದು ಮುಗಿದ ಮೇಲೆ ಕುಸಿತ ಏಕಾಏಕಿ ಬರುತ್ತದೆ. ಪ್ಲೇಟ್‌ಲೆಟ್‌ಗಳ ಆಯಸ್ಸು ಒಂದು ವಾರದಿಂದ ಹತ್ತು ದಿನ, ಕೆಂಪುಕಣಗಳದ್ದು ಸುಮಾರು 120 ದಿನ. ಹಾಗಾಗಿ ಹಿಮೋಗ್ಲೋಬಿನ್ ನೋಡಿ ಈ ಹಾನಿಯನ್ನು ಹಿಡಿಯುವುದು ಸಾಧ್ಯವೇ ಇಲ್ಲ.

ಇನ್ನೊಂದು ಮುಸುಕೂ ಇದೆ. ಶಸ್ತ್ರಚಿಕಿತ್ಸೆಯೇ ದೇಹಕ್ಕೊಂದು ಆಘಾತ. ಅದರಿಂದ ಕಾರ್ಟಿಸೋಲ್ ಏರುತ್ತದೆ, ಮಜ್ಜೆಯ ದಾಸ್ತಾನು ರಕ್ತಕ್ಕೆ ಬರುತ್ತದೆ, ಬಿಳಿಕಣಗಳ ಟೋಟಲ್ ಕೌಂಟ್ ಹೆಚ್ಚುತ್ತದೆ. ಮೈಕ್ರೊಲೀಟರಿಗೆ 4,000ದಿಂದ 11,000 ಸಹಜವೆನ್ನುವ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆಯ ಮರುದಿನದ ವರದಿ ಮೇಲಿನ ಅಂಚನ್ನು ದಾಟಿದರೆ ಯಾರೂ ಅಚ್ಚರಿಪಡುವುದಿಲ್ಲ. ಅದೇ ಹೊತ್ತಿಗೆ ಮಜ್ಜೆಯಲ್ಲಿ ಹೊಸ ಕಣಗಳ ಹುಟ್ಟು ನಿಂತಿರಬಹುದು. ಒಂದೇ ಸಂಖ್ಯೆಯೊಳಗೆ ಎರಡು ವಿರುದ್ಧ ಎಳೆತಗಳು ಅಡಗಿರುವಾಗ ಆ ಸಂಖ್ಯೆಯನ್ನು ಒಂಟಿಯಾಗಿ ನಂಬುವುದು ಸರಿಯಲ್ಲ.

ಹೀಗಿರುವಾಗ ಎರಡು ಗಂಟೆಯ ಸಾಮಾನ್ಯ ಶಸ್ತ್ರಚಿಕಿತ್ಸೆಗೆ ಒಳಗಾಗುವವರು ಹೆದರಬೇಕೇ? ಬೇಡ. ಇದನ್ನು ಅಷ್ಟೇ ಒತ್ತಿ ಹೇಳುವುದು ವಿಮರ್ಶೆಯ ಹೊಣೆ. 2005ರಲ್ಲಿ ಫ್ಲೈಷ್‌ಮನ್ ಮತ್ತು ಸಂಗಡಿಗರು ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಒಂದು ಗುಂಪಿಗೆ ನೈಟ್ರಸ್ ಆಕ್ಸೈಡ್, ಇನ್ನೊಂದಕ್ಕೆ ನೈಟ್ರೋಜನ್ ಕೊಟ್ಟು ನೋಡಿದರು. ಗಾಯದ ಸೋಂಕು ಹೆಚ್ಚಲಿಲ್ಲ. 2007ರಲ್ಲಿ ಮೆಲ್ಬರ್ನಿನ ಪಾಲ್ ಮೈಲ್ಸ್ ನೇತೃತ್ವದ ‘ಎನಿಗ್ಮಾ’ ಪರೀಕ್ಷೆ 2,050 ರೋಗಿಗಳನ್ನು ಒಳಗೊಂಡಿತ್ತು. ಅದರಲ್ಲಿ ಅನಿಲ ಪಡೆಯದ ಗುಂಪಿಗೆ ಸೋಂಕು ಕಡಿಮೆ ಎಂದು ಕಂಡು ದೊಡ್ಡ ಚರ್ಚೆಯಾಯಿತು. ಆದರೆ ಆ ಪರೀಕ್ಷೆಯ ರಚನೆಯಲ್ಲೇ ತೊಡಕಿತ್ತು. ಅನಿಲದ ಗುಂಪಿಗೆ ಶೇ 30 ಆಮ್ಲಜನಕ, ಇನ್ನೊಂದಕ್ಕೆ ಶೇ 80 ಆಮ್ಲಜನಕ ಕೊಟ್ಟಿದ್ದರು. ಕಂಡ ವ್ಯತ್ಯಾಸ ಅನಿಲದಿಂದ ಬಂದದ್ದೋ ಆಮ್ಲಜನಕದಿಂದ ಬಂದದ್ದೋ ಎಂದು ಬಿಡಿಸಿ ಹೇಳುವಂತಿರಲಿಲ್ಲ. ಅದೇ ತಂಡ ಎರಡೂ ಗುಂಪಿಗೆ ಸಮ ಪ್ರಮಾಣದ ಆಮ್ಲಜನಕ ಕೊಟ್ಟು, ಹೃದಯದ ಅಪಾಯವಿರುವ 7,112 ರೋಗಿಗಳಲ್ಲಿ ‘ಎನಿಗ್ಮಾ-2’ ನಡೆಸಿ 2014ರಲ್ಲಿ ಫಲಿತಾಂಶ ಕೊಟ್ಟಿತು. ಸಾವಿನಲ್ಲಾಗಲಿ, ಹೃದಯದ ತೊಂದರೆಯಲ್ಲಾಗಲಿ, ಗಾಯದ ಸೋಂಕಿನಲ್ಲಾಗಲಿ ಅನಿಲದಿಂದ ಹೆಚ್ಚಳ ಕಾಣಲಿಲ್ಲ. ತಮ್ಮ ಮೊದಲ ಪರೀಕ್ಷೆಯ ದೋಷವನ್ನು ತಾವೇ ತಿದ್ದಿಕೊಳ್ಳಲು ಇನ್ನಷ್ಟು ದೊಡ್ಡ ಪರೀಕ್ಷೆಗೆ ಇಳಿದ ಈ ನಡೆ ವೈದ್ಯವಿಜ್ಞಾನದ ಅತ್ಯುತ್ತಮ ಗುಣಕ್ಕೆ ಸಾಕ್ಷಿ.

ಆದರೆ ಈ ದೊಡ್ಡ ಪರೀಕ್ಷೆಗಳು ಕೊಡುವುದು ಸರಾಸರಿಯ ಉತ್ತರ. ಸಾವಿರಾರು ಜನರ ನಡುವೆ ಬಿ12 ಬತ್ತಿಹೋಗಿರುವ ಒಬ್ಬರಿಗೆ ಏನಾಗುತ್ತದೆ ಎಂಬುದಕ್ಕೆ ಸರಾಸರಿ ಉತ್ತರಿಸದು. ಬಿ12 ಸಾಕಷ್ಟು ಇರುವವರ ದೇಹ ಕೆಲವು ದಿನಗಳಲ್ಲಿ ಹೊಸ ಕಿಣ್ವ ತಯಾರಿಸಿ ಚೇತರಿಸಿಕೊಳ್ಳುತ್ತದೆ. ಮೊದಲೇ ಬರಿದಾದವರಲ್ಲಿ ಒಂದೇ ಅರಿವಳಿಕೆಯಿಂದ ಮಜ್ಜೆ ಮಾತ್ರವಲ್ಲ, ಬೆನ್ನುಹುರಿಯೂ ಹಾಳಾದ ಪ್ರಕರಣಗಳು ವೈದ್ಯಸಾಹಿತ್ಯದಲ್ಲಿವೆ. ಫೋಲೇಟಿನ ಕಿಣ್ವವೊಂದರ ಆನುವಂಶಿಕ ದೋಷವಿದ್ದ ಮಗುವೊಂದು ನೈಟ್ರಸ್ ಆಕ್ಸೈಡ್ ಅರಿವಳಿಕೆಯ ನಂತರ ತೀರಿಕೊಂಡದ್ದು 2003ರಲ್ಲಿ ವರದಿಯಾಗಿದೆ. ಅಲ್ಪ ಹೊತ್ತು ಕೊಟ್ಟರೂ ಮತ್ತೆ ಮತ್ತೆ ಕೊಟ್ಟರೆ ಹಾನಿ ಕೂಡುತ್ತ ಹೋಗುತ್ತದೆ ಎಂದು 1982ರಲ್ಲಿ ನನ್ ಮತ್ತು ಸಂಗಡಿಗರು ತೋರಿಸಿದರು. ಸುಟ್ಟಗಾಯದ ಪಟ್ಟಿ ಬದಲಿಸುವಾಗ ಪ್ರತಿ ಸಲ ಅನಿಲ ಪಡೆಯುವವರಿಗೆ ಇದು ನೇರವಾಗಿ ಸಂಬಂಧಿಸಿದ ಮಾತು. ಬ್ರಿಟನ್ನಿನಲ್ಲಿ ಎಂಟೊನಾಕ್ಸ್ ಎಂಬ ಅರ್ಧಕ್ಕರ್ಧ ಮಿಶ್ರಣದ ಬಳಕೆಯ ಸೂಚನೆಯಲ್ಲೇ, ಒಟ್ಟು 24 ಗಂಟೆ ಮೀರಿದರೆ ಅಥವಾ ನಾಲ್ಕು ದಿನಕ್ಕೊಮ್ಮೆಗಿಂತ ಹೆಚ್ಚು ಬಾರಿ ಕೊಟ್ಟರೆ ರಕ್ತಪರೀಕ್ಷೆಯ ನಿಗಾ ಬೇಕು ಎಂದಿದೆ.

ನಮ್ಮ ನಾಡಿನ ಮಟ್ಟಿಗೆ ಪ್ರಶ್ನೆ ತೀಕ್ಷ್ಣವಾಗುವುದು ಇಲ್ಲೇ. ಬಿ12 ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ತಲೆಮಾರುಗಳಿಂದ ಸಸ್ಯಾಹಾರಿಗಳಾದವರಿಗೆ ಹಾಲು ಮೊಸರೇ ಆಸರೆ, ಬಡತನದಲ್ಲಿ ಅದೂ ತೆಳ್ಳಗಾಗುತ್ತದೆ. ಮಾಂಸಾಹಾರಿಗಳೆಂದು ಹೇಳಿಕೊಳ್ಳುವ ಎಷ್ಟೋ ಮನೆಗಳಲ್ಲಿ ಮಾಂಸ ಹಬ್ಬ ಹುಣ್ಣಿಮೆಯ ಅಡುಗೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಗ್ಯಾಸ್ಟ್ರಿಕ್ ಎಂದು ಬಹುಕಾಲ ಮಾತ್ರೆ ತೆಗೆದುಕೊಳ್ಳುವವರಲ್ಲಿ, ವಯಸ್ಸಾದವರಲ್ಲಿ ಬಿ12 ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಬಿ12 ಕೊರತೆಯಲ್ಲಿ ಕೆಂಪುಕಣಗಳ ಗಾತ್ರ ಹಿಗ್ಗುತ್ತದೆ, ಕಬ್ಬಿಣದ ಕೊರತೆಯಲ್ಲಿ ಕುಗ್ಗುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಎರಡೂ ಒಟ್ಟಿಗಿರುವುದು ಸಾಮಾನ್ಯವಾದ್ದರಿಂದ ಗಾತ್ರದ ಲೆಕ್ಕ ಸಹಜವೆಂದು ಬಂದು ಕೊರತೆ ಮರೆಯಾಗುತ್ತದೆ. ಮಜ್ಜೆಯ ದಾಸ್ತಾನು ಬಿಳಿಕಣಗಳ ಕುಸಿತವನ್ನು ಮರೆಮಾಡುವ ಹಾಗೆಯೇ ಇದೂ. ಅಂದರೆ ಶಸ್ತ್ರಚಿಕಿತ್ಸೆಗೆ ಮುಂಚಿನ ಮಾಮೂಲಿ ರಕ್ತಪರೀಕ್ಷೆ ನಾವು ಹುಡುಕಬೇಕಾದ ರೋಗಿಯನ್ನೇ ತಪ್ಪಿಸಿಬಿಡುತ್ತದೆ.

ಆಸ್ಪತ್ರೆಯ ಗೋಡೆಯಾಚೆಗೂ ಈ ಅನಿಲ ಹೋಗಿದೆ. ಮೋಜಿಗಾಗಿ ಬಲೂನಿನಿಂದ ಸೇದುವ ಚಟ ಯುರೋಪಿನಲ್ಲಿ ಹಬ್ಬಿ ಯುವಕರು ಕಾಲಿನ ಬಲ ಕಳೆದುಕೊಂಡು ಬಂದಾಗ, ನೆದರ್‌ಲ್ಯಾಂಡ್ಸ್ ಮತ್ತು ಬ್ರಿಟನ್ 2023ರಲ್ಲಿ ಅದನ್ನು ಕಾನೂನಿನ ಕಟ್ಟಿಗೆ ತಂದವು. ವಾತಾವರಣವನ್ನು ಬಿಸಿಯಾಗಿಸುವುದರಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ತೂಕಕ್ಕೆ ತೂಕ ಸುಮಾರು 270 ಪಟ್ಟು ಬಲಶಾಲಿ ಎಂಬುದೂ ಬಳಕೆ ತಗ್ಗಿಸಲು ಒಂದು ಕಾರಣ.

ಇಷ್ಟೆಲ್ಲ ತೂಗಿ ನಾನು ಹೇಳುವುದು ಇದು. ನೈಟ್ರಸ್ ಆಕ್ಸೈಡ್ ಅಗ್ಗದ, ಬೇಗ ಹತ್ತಿ ಬೇಗ ಇಳಿಯುವ, ಹೆರಿಗೆಯ ನೋವಿಗೂ ಹಲ್ಲಿನ ಕೆಲಸಕ್ಕೂ ಒದಗುವ ಒಳ್ಳೆಯ ಸಾಧನ. ದುಬಾರಿ ಔಷಧಿ ಕೊಳ್ಳಲಾಗದ ತಾಲ್ಲೂಕು ಆಸ್ಪತ್ರೆಯಲ್ಲಿ ಆ ನೀಲಿ ಸಿಲಿಂಡರಿಗೆ ಈಗಲೂ ಬೆಲೆಯಿದೆ. ಅದನ್ನು ಹೊರಹಾಕಿ ಎಂದು ಸಾಕ್ಷ್ಯ ಹೇಳುವುದಿಲ್ಲ. ಬಿ12 ಕೊರತೆ ಇರುವವರಿಗೆ, ಅದರ ಗಟ್ಟಿ ಅನುಮಾನವಿರುವವರಿಗೆ, ಬಹಳ ಹೊತ್ತು ಅಥವಾ ದಿನ ಬಿಟ್ಟು ದಿನ ಬೇಕಾಗುವವರಿಗೆ ಅದು ಬೇಡ ಎಂದು ಮಾತ್ರ ಸಾಕ್ಷ್ಯ ಸ್ಪಷ್ಟವಾಗಿ ಹೇಳುತ್ತದೆ. ಅಂಥವರಿಗೆ ಬೇರೆ ಅರಿವಳಿಕೆಗಳಿವೆ. ಅನಿಲ ಕೊಟ್ಟಾದ ಮೇಲೆ ಕೌಂಟ್ ನೋಡುತ್ತ ಕೂರುವುದಕ್ಕಿಂತ ಕೊಡುವ ಮೊದಲು ಕೇಳುವುದು ಮೇಲು: ಊಟ ಏನು, ಯಾವ ಮಾತ್ರೆ ಎಷ್ಟು ವರ್ಷದಿಂದ, ಅಂಗಾಲು ಜೋಮು ಹಿಡಿಯುತ್ತದೆಯೇ, ಹಿಂದೆ ಹೊಟ್ಟೆಯ ಆಪರೇಷನ್ ಆಗಿದೆಯೇ. ಅರಿವಳಿಕೆ ತಪಾಸಣೆಯ ಹಾಳೆಯಲ್ಲಿ ಬಿ12ಕ್ಕೆಂದು ಈ ನಾಲ್ಕು ಸಾಲು ಸೇರಿಸಲು ಹೊಸ ಯಂತ್ರವೂ ಬೇಡ, ಸರಕಾರದ ಹೊಸ ಅನುದಾನವೂ ಬೇಡ. ಕರ್ನಾಟಕದ ಯಾವ ಆಸ್ಪತ್ರೆಯಾದರೂ ಇದನ್ನು ನಾಳೆ ಬೆಳಗಿನಿಂದಲೇ ಶುರುಮಾಡಬಹುದು, ಮಾಡಬೇಕು.